ಮುಖ್ತಾರನಾಮೆ: ವಕೀಲರು ಬೇಕೋ ಬೇಡವೋ ಎಂದು ಕೇಳುವ ಮೊದಲು

ನಮ್ಮ ಪರವಾಗಿ ಕೆಲಸ ಮಾಡಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಒಂದೇ ಕಾಗದಕ್ಕೆ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಹಲವು ಹೆಸರುಗಳಿವೆ. ನಿಜಾಮರ ಕಾಲದ ಉರ್ದು ದಫ್ತರಗಳನ್ನು ಕಂಡ ಮನೆತನಗಳ ಹಿರಿಯರ ಬಾಯಲ್ಲಿ ಅದು ಮುಖ್ತಾರನಾಮೆ, ಮರಾಠಿಯ ಬಳಕೆ ಇರುವ ಭಾಲ್ಕಿ, ಔರಾದ್ ಕಡೆ ಕುಲಮುಖತ್ಯಾರ ಪತ್ರ, ಸರ್ಕಾರಿ ಕನ್ನಡದಲ್ಲಿ ಅಧಿಕಾರ ಪತ್ರ, ಉಳಿದವರಿಗೆಲ್ಲ ಜಿಪಿಎ, ಅಂದರೆ ಜನರಲ್ ಪವರ್ ಆಫ್ ಅಟಾರ್ನಿ. ಹೆಸರು ಯಾವುದೇ ಇರಲಿ, ಅದನ್ನು ಮಾಡಿಸಲು ಹೊರಟವರು ಕೇಳುವ ಮೊದಲ ಪ್ರಶ್ನೆ ಒಂದೇ: ಇದಕ್ಕೆ ವಕೀಲರ ಹತ್ತಿರ ಹೋಗಲೇಬೇಕೆ, ಉಪನೋಂದಣಾಧಿಕಾರಿ ಕಚೇರಿಯ ಹೊರಗೆ ಕೂರುವ ದಸ್ತಾವೇಜು ಬರಹಗಾರರಿಂದ ಬರೆಸಿದರೆ ಸಾಲದೆ?

ಕಾನೂನಿನ ಉತ್ತರ ಚಿಕ್ಕದು. 1882ರ ಮುಖ್ತಾರ್ ಅಧಿಕಾರಗಳ ಕಾಯ್ದೆಯಾಗಲಿ, ಒಬ್ಬರ ಪರವಾಗಿ ಇನ್ನೊಬ್ಬರು ನಡೆದುಕೊಳ್ಳುವ ನಿಯಮಗಳನ್ನು ಹೇಳುವ 1872ರ ಕರಾರು ಕಾಯ್ದೆಯಾಗಲಿ, 1908ರ ನೋಂದಣಿ ಕಾಯ್ದೆಯಾಗಲಿ ಈ ಕಾಗದವನ್ನು ವಕೀಲರೇ ಬರೆಯಬೇಕೆಂದು ಎಲ್ಲಿಯೂ ಹೇಳುವುದಿಲ್ಲ. ವಯಸ್ಸಿಗೆ ಬಂದ, ಬುದ್ಧಿ ಸ್ವಾಧೀನದಲ್ಲಿರುವ ಯಾರೇ ಆದರೂ ತಾವೇ ಬರೆದು, ತಕ್ಕ ಮುದ್ರಾಂಕ ಶುಲ್ಕ ಕಟ್ಟಿ, ಸಹಿ ಮಾಡಿ ಕೊಡಬಹುದು. ಆದರೆ ಈ ಚಿಕ್ಕ ಉತ್ತರವನ್ನೇ ಪೂರ್ಣ ಉತ್ತರವೆಂದು ನಂಬಿ ಹೊಲ ಕಳೆದುಕೊಂಡವರು, ತವರಿನ ಪಾಲು ಕಳೆದುಕೊಂಡವರು, ಜೀವಮಾನದ ದುಡಿಮೆ ಸುರಿದು ಕೈಯಲ್ಲಿ ಬರಿಯ ಛಾಪಾ ಕಾಗದ ಉಳಿಸಿಕೊಂಡವರು ನಮ್ಮ ಭಾಗದಲ್ಲಿ ಇದ್ದಾರೆ. ವಕೀಲರು ಬೇಕೋ ಬೇಡವೋ ಎಂಬುದು ಆಸ್ತಿಯ ಬೆಲೆಯ ಮೇಲೆ ನಿಲ್ಲಬಾರದು, ಆ ಕಾಗದದಲ್ಲಿ ನಾವು ಎಷ್ಟು ಅಧಿಕಾರವನ್ನು ಕೈಬಿಡುತ್ತಿದ್ದೇವೆ ಎಂಬುದರ ಮೇಲೆ ನಿಲ್ಲಬೇಕು ಎಂದು ನಾನು ತಿಳಿದಿದ್ದೇನೆ.

ಈ ಕಾಗದದ ಅಗತ್ಯವನ್ನು ಅಲ್ಲಗಳೆಯುವಂತಿಲ್ಲ. ಶಹಾಪುರ, ಸುರಪುರ, ಜೇವರ್ಗಿ, ಚಿಂಚೋಳಿ ಕಡೆಯ ಎಷ್ಟೋ ಕುಟುಂಬಗಳು ರಾಶಿ ಮುಗಿದೊಡನೆ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋಗುತ್ತವೆ. ಬೀದರ್, ಕಲಬುರಗಿ ನಗರಗಳಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರಿದ್ದಾರೆ. ಊರಲ್ಲಿ ಉಳಿದ ಹೊಲ, ಮನೆ, ಬೆಳೆಸಾಲ, ಕೋರ್ಟಿನ ದಾವೆ ಇವನ್ನೆಲ್ಲ ನೋಡಿಕೊಳ್ಳಲು ಅವರ ಪರವಾಗಿ ಒಬ್ಬರು ಬೇಕೇ ಬೇಕು. ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆಗಳಿಗೆ, ಕಡೇಚೂರು–ಬಾಡಿಯಾಲ ಕೈಗಾರಿಕಾ ಪ್ರದೇಶಕ್ಕೆ, ಹೆದ್ದಾರಿಗಳಿಗೆ ಭೂಮಿ ಹೋದಾಗ ಪರಿಹಾರದ ಕಡತದ ಹಿಂದೆ ಓಡಾಡಲು ಜನರು ಇನ್ನೊಬ್ಬರನ್ನು ನೆಚ್ಚಬೇಕಾಗುತ್ತದೆ. ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಲು ದಾರಿ ಮಾಡಿದ 2020ರ ಭೂ ಸುಧಾರಣಾ ತಿದ್ದುಪಡಿಯ ನಂತರ ಹೊರಗಿನ ಕೊಳ್ಳುವವರಿಗೂ ಊರಿನ ರೈತರಿಗೂ ನಡುವೆ ನಿಲ್ಲುವ ಮಧ್ಯಸ್ಥರಿಗೆ ಈ ಕಾಗದ ಇನ್ನಷ್ಟು ಅನುಕೂಲದ ಸಾಧನವಾಗಿದೆ.

ಹಾಗಾದರೆ ಈ ಕಾಗದ ಏನು ಕೊಡುತ್ತದೆ? ಒಬ್ಬರ ಹೆಸರಿನಲ್ಲಿ, ಅವರ ಪರವಾಗಿ ಕೆಲಸ ಮಾಡುವ ಅನುಮತಿಯನ್ನು ಕೊಡುತ್ತದೆ, ಅಷ್ಟೇ. ಮುಖ್ತಾರ, ಅಂದರೆ ಹಾಗೆ ಅಧಿಕಾರ ಪಡೆದವನು, ಮಾಲೀಕನಾಗುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಂ ಪ್ರಕಾರ 100 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿಯ ಮಾರಾಟ ನೋಂದಣಿಯಾದ ಕ್ರಯಪತ್ರದಿಂದಲೇ ಆಗಬೇಕು. ಕ್ರಯದ ಕರಾರು, ಜಿಪಿಎ, ಉಯಿಲು ಈ ಮೂರನ್ನು ಒಟ್ಟಿಗೆ ಬರೆಸಿಕೊಂಡು ಆಸ್ತಿ ತಮ್ಮದಾಯಿತೆಂದು ತಿಳಿಯುವ ರೂಢಿಯನ್ನು ಸುಪ್ರೀಂ ಕೋರ್ಟ್ 2011ರ ಅಕ್ಟೋಬರ್‌ನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟವಾಗಿ ತಳ್ಳಿಹಾಕಿತು. ಅಷ್ಟು ವರ್ಷಗಳಾದ ಮೇಲೂ, ಖಾತಾ ಸರಿಯಿಲ್ಲದ ಬಡಾವಣೆಗಳ ನಿವೇಶನಗಳು ಜಿಪಿಎ ಮೇಲೆಯೇ ಕೈ ಬದಲಾಯಿಸುವುದು ನಿಂತಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡುವುದನ್ನು 1978ರ ಪಿಟಿಸಿಎಲ್ ಕಾಯ್ದೆ ನಿಷೇಧಿಸಿದೆ. ಮಾಲೀಕನೇ ಮಾರಲಾಗದ ಅಂಥ ಜಮೀನನ್ನು ಅವನ ಮುಖ್ತಾರನು ಮಾರಲು ಸಾಧ್ಯವಿಲ್ಲ.

ಇದಕ್ಕಿಂತ ಹೆಚ್ಚು ಜನರಿಗೆ ತಿಳಿಯದ ಸಂಗತಿಯೆಂದರೆ, ಬರೆದುಕೊಟ್ಟವರು ತೀರಿಕೊಂಡ ಕೂಡಲೇ ಸಾಮಾನ್ಯವಾಗಿ ಈ ಅಧಿಕಾರವೂ ಮುಗಿಯುತ್ತದೆ. ಕರಾರು ಕಾಯ್ದೆಯ 201ನೇ ಕಲಂ ಹೀಗೆಂದು ಹೇಳುತ್ತದೆ. ಮುಖ್ತಾರನಿಗೆ ಆ ಆಸ್ತಿಯಲ್ಲಿಯೇ ಸ್ವಂತ ಹಿತಾಸಕ್ತಿ ಇದ್ದರೆ ಮಾತ್ರ 202ನೇ ಕಲಂ ಪ್ರಕಾರ ಅದು ಉಳಿಯಬಹುದು. ಈ ವಿನಾಯಿತಿಯನ್ನು ನೆಚ್ಚಿ ‘ರದ್ದುಪಡಿಸಲಾಗದ ಜಿಪಿಎ’ ಎಂದು ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸುವವರು ಬಹಳ. ಬೆಂಗಳೂರಿನ ಚುಂಚಘಟ್ಟದ ಒಂದು ಜಾಗದ ವಿವಾದದಲ್ಲಿ ಸುಪ್ರೀಂ ಕೋರ್ಟ್ 2025ರ ಫೆಬ್ರುವರಿ 27ರಂದು ಕೊಟ್ಟ ತೀರ್ಪು ಇವರೆಲ್ಲ ಓದಬೇಕಾದದ್ದು. ಅಲ್ಲಿ ಮಾಲೀಕರು 1986ರಲ್ಲಿ ಅಂಥ ಜಿಪಿಎ ಮತ್ತು ನೋಂದಣಿಯಾಗದ ಕ್ರಯದ ಕರಾರನ್ನು ಬರೆದುಕೊಟ್ಟು, 1997ರಲ್ಲಿ ತೀರಿಕೊಂಡರು. ಜಿಪಿಎ ಪಡೆದವರು 1998ರಲ್ಲಿ ಅದರ ಬಲದಿಂದ ತಮ್ಮ ಮಗನಿಗೇ ಕ್ರಯಪತ್ರ ಮಾಡಿಕೊಟ್ಟರು. ಮಾಲೀಕರ ವಾರಸುದಾರರು 2003ರಲ್ಲಿ ಅದೇ ಜಾಗವನ್ನು ಬೇರೆಯವರಿಗೆ ಮಾರಿದರು. ಕಾಗದದ ತಲೆಬರಹ ಏನೇ ಇರಲಿ, ಒಳಗಿನ ಮಾತುಗಳು ಕೊಡುವ ಅರ್ಥವೇ ಮುಖ್ಯವೆಂದು ಹೇಳಿದ ನ್ಯಾಯಾಲಯ, ಮಾಲೀಕರ ಸಾವಿನೊಂದಿಗೇ ಅಧಿಕಾರ ಮುಗಿದಿತ್ತೆಂದು ತೀರ್ಮಾನಿಸಿತು. ಕ್ರಯಪತ್ರ ಮಾಡಿಸಿಕೊಳ್ಳುವುದನ್ನು ನಾಳೆ ನಾಡಿದ್ದು ಎಂದು ಮುಂದೂಡಿದವರ ಹಣ ಇಂಥ ಜಾಗದಲ್ಲಿ ಮುಳುಗುತ್ತದೆ.

ಒಳಗಿನ ಮಾತುಗಳೇ ಮುಖ್ಯ ಎಂದ ಮೇಲೆ ಕಾಗದವನ್ನು ಯಾರು ಬರೆಯುತ್ತಾರೆ ಎಂಬ ಪ್ರಶ್ನೆಗೆ ತೂಕ ಬರುತ್ತದೆ. ಒಂದೇ ಒಂದು ಕೆಲಸಕ್ಕೆ ಕೊಡುವ ವಿಶೇಷ ಅಧಿಕಾರ ಪತ್ರ, ಅಂದರೆ ನಾನು ಸಹಿ ಮಾಡಿಟ್ಟ ಪತ್ರವನ್ನು ನೋಂದಣಿಗೆ ಹಾಜರುಪಡಿಸು, ತಹಶೀಲ್ದಾರರ ಕಚೇರಿಯಲ್ಲಿ ಪಹಣಿ ತಿದ್ದುಪಡಿಯ ಅರ್ಜಿ ನಡೆಸು ಎಂಬಂಥದನ್ನು ಅನುಭವಿ ದಸ್ತಾವೇಜು ಬರಹಗಾರರಿಂದ ಬರೆಸಿದರೆ ತೊಂದರೆಯಿಲ್ಲ. ಅದರಲ್ಲಿ ಸರ್ವೆ ನಂಬರು, ಮಾಡಬೇಕಾದ ಕೆಲಸ, ಮುಗಿಯುವ ದಿನಾಂಕ ಇವು ಸರಿಯಾಗಿದ್ದರೆ ಸಾಕು. ಆದರೆ ಕಂಪ್ಯೂಟರಿನಲ್ಲಿ ಮೊದಲೇ ಸಿದ್ಧವಿರುವ ಜಿಪಿಎ ನಮೂನೆಯಲ್ಲಿ ಮಾರಾಟ, ಅಡಮಾನ, ಭೋಗ್ಯ, ದಾನ, ಪಾಲು, ಹಕ್ಕು ಬಿಡುಗಡೆ, ಹಣ ಪಡೆಯುವುದು, ರಾಜಿ ಮಾಡಿಕೊಳ್ಳುವುದು ಎಲ್ಲವೂ ಸಾಲುಸಾಲಾಗಿ ಇರುತ್ತವೆ. ಹೊಲದ ಕಂದಾಯ ಕಟ್ಟಲು ಮತ್ತು ಬೆಳೆವಿಮೆಯ ಅರ್ಜಿ ಹಾಕಲು ಅಧಿಕಾರ ಕೊಡಬೇಕೆಂದು ಬಂದವರು ಹೆಸರು, ಸರ್ವೆ ನಂಬರು ಮಾತ್ರ ಬದಲಾದ ಆ ನಮೂನೆಗೆ ಸಹಿ ಹಾಕಿ, ಹೊಲ ಮಾರುವ ಅಧಿಕಾರವನ್ನೂ ಕೊಟ್ಟು ಮನೆಗೆ ಹೋಗುತ್ತಾರೆ. ವಕೀಲರ ಕೆಲಸ ಇರುವುದು ಹೊಸ ಸಾಲು ಸೇರಿಸುವುದರಲ್ಲಿ ಅಲ್ಲ, ಬೇಡವಾದ ಸಾಲನ್ನು ಹೊಡೆದುಹಾಕುವುದರಲ್ಲಿ.

ಬರೆಯದ ಅಧಿಕಾರವನ್ನು ನ್ಯಾಯಾಲಯಗಳು ಊಹಿಸಿಕೊಳ್ಳುವುದಿಲ್ಲ ಎಂಬುದು ಇಲ್ಲಿ ನಮ್ಮ ನೆರವಿಗೆ ಬರುತ್ತದೆ. ಕೇರಳದಿಂದ ಬಂದ ಒಂದು ಮೊಕದ್ದಮೆಯಲ್ಲಿ ಒಬ್ಬ ಮಹಿಳೆ 1971ರಲ್ಲಿ ತನ್ನ ಸಹೋದರಿಗೆ ಜಿಪಿಎ ಕೊಟ್ಟು 1985ರಲ್ಲಿ ರದ್ದುಪಡಿಸಿದ್ದರು. ಅಷ್ಟರೊಳಗೆ ಸಹೋದರಿ ಆಸ್ತಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟಾಗಿತ್ತು. ಮಾರುವ ಅಧಿಕಾರ ಆ ಪತ್ರದಲ್ಲಿ ಸ್ಪಷ್ಟವಾಗಿ ಇರಲಿಲ್ಲವಾದ್ದರಿಂದ ಆ ವರ್ಗಾವಣೆ ನಿಲ್ಲುವುದಿಲ್ಲವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಎಂದರೆ, ಮಾರಾಟದ ಒಂದು ಸಾಲು ಇರುವುದಕ್ಕೂ ಇಲ್ಲದಿರುವುದಕ್ಕೂ ಒಂದು ಮನೆತನದ ಆಸ್ತಿಯಷ್ಟು ಅಂತರವಿದೆ.

ಇಲ್ಲಿ ಹೆಣ್ಣುಮಕ್ಕಳ ವಿಷಯವನ್ನು ಬಿಡಿಸಿ ಹೇಳಲೇಬೇಕು. ನಾಗರ ಪಂಚಮಿಗೆಂದು ತವರಿಗೆ ಬಂದ ಮಗಳ ಮುಂದೆ ಕಾಗದವಿಟ್ಟು, “ಅಕ್ಕಾ, ಬ್ಯಾಂಕಿನ ಸಾಲಕ್ಕ ನಿಂದೊಂದು ಸೈ ಬೇಕಾಗ್ಯದ” ಎಂದು ತಮ್ಮ ಹೇಳಿದರೆ, ಅದೇನೆಂದು ಕೇಳುವ ಧೈರ್ಯ ನಮ್ಮ ಮನೆಗಳಲ್ಲಿ ಎಷ್ಟು ಜನಕ್ಕಿದೆ? ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆ. ಕೇಳದಿದ್ದರೆ ಪಾಲು ಹೋದೀತೆಂಬ ಅರಿವು ಅನೇಕರಿಗೆ ಇಲ್ಲ. ಹಿಂದೂ ಅವಿಭಕ್ತ ಕುಟುಂಬದಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕಿದೆ. ಕರ್ನಾಟಕದ 1994ರ ತಿದ್ದುಪಡಿ ಅದಕ್ಕೆ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ತಂದೆ 2005ರಲ್ಲಿ ಬದುಕಿರಲೇಬೇಕೆಂಬ ಷರತ್ತು ಇಲ್ಲವೆಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿತು. ಮುಸ್ಲಿಂ ಕುಟುಂಬಗಳಲ್ಲಿ ಶರೀಅತ್ ಮಗಳಿಗೆ ನಿಗದಿತ ಪಾಲನ್ನು ಕೊಟ್ಟಿದೆ. ಹಕ್ಕು ಗಟ್ಟಿಯಾದಷ್ಟೂ ಸಹಿಯ ಬೆಲೆ ಏರಿದೆ. ಸಹಿಯ ಬೆಲೆ ಏರಿದಷ್ಟೂ ಅದನ್ನು ಸದ್ದಿಲ್ಲದೆ ಪಡೆಯುವ ಆಸೆಯೂ ಏರಿದೆ.

ಮುದ್ರಾಂಕದ ಲೆಕ್ಕವೂ ಇದಕ್ಕೆ ತಿಳಿಯದಂತೆ ಕೈಜೋಡಿಸುತ್ತದೆ. ಕರ್ನಾಟಕ ಮುದ್ರಾಂಕ ಕಾಯ್ದೆಯ ಅನುಸೂಚಿಯ 41ನೇ ಬಾಬಿನಂತೆ, ರಾಜ್ಯದಲ್ಲಿರುವ ಸ್ಥಿರಾಸ್ತಿಯನ್ನು ಮಾರುವ ಅಧಿಕಾರವನ್ನು ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರು ಇವರನ್ನು ಬಿಟ್ಟು ಬೇರೆ ಯಾರಿಗೆ ಕೊಟ್ಟರೂ ಮಾರುಕಟ್ಟೆ ಬೆಲೆಯ ಮೇಲೆ ಕ್ರಯಪತ್ರಕ್ಕೆ ಬೀಳುವಷ್ಟೇ ಶುಲ್ಕ ಬೀಳುತ್ತದೆ. ಹೊರಗಿನವರು ಜಿಪಿಎ ಹೆಸರಿನಲ್ಲಿ ಆಸ್ತಿ ಕೊಳ್ಳುವುದನ್ನು ತಡೆಯಲು ಇದು ಒಳ್ಳೆಯ ಬೇಲಿ. ಆದರೆ ಒಡಹುಟ್ಟಿದವರ ನಡುವೆ ಆ ಬೇಲಿ ಇಲ್ಲ. ಹಕ್ಕು ಬಿಡುಗಡೆ ಪತ್ರವೆಂದು ಬರೆಸಿದರೆ ಅಕ್ಕನಿಗೆ ತಾನು ಬಿಡುತ್ತಿರುವುದು ಏನೆಂದು ಹೆಸರಿನಿಂದಲೇ ತಿಳಿಯುತ್ತದೆ. ಜಿಪಿಎ ಎಂದರೆ ತಮ್ಮ ತನ್ನ ಪರವಾಗಿ ಕಚೇರಿಗೆ ಓಡಾಡುತ್ತಾನೆ ಎಂದಷ್ಟೇ ತೋರುತ್ತದೆ. ಎಲ್ಲಿ ಒತ್ತಡ ಹೆಚ್ಚೋ ಅಲ್ಲಿಯೇ ಕಾಗದ ಸುಲಭವಾಗಿದೆ.

ಇಂಥ ಸಹಿಯನ್ನು ಈಗಾಗಲೇ ಮಾಡಿರುವವರು ಕೈಚೆಲ್ಲಬೇಕಾಗಿಲ್ಲ. ಅಧಿಕಾರ ಕೊಟ್ಟವರು ಕೇಳಿದಾಗ ಮುಖ್ತಾರನು ಲೆಕ್ಕ ಒಪ್ಪಿಸಲೇಬೇಕೆಂದು ಕರಾರು ಕಾಯ್ದೆಯ 213ನೇ ಕಲಂ ಹೇಳುತ್ತದೆ. ಅಧಿಕಾರ ಕೊಟ್ಟವರಿಗೆ ತಿಳಿಸದೆ ಮುಖ್ತಾರನು ತನ್ನ ಲಾಭಕ್ಕಾಗಿಯೇ ವ್ಯವಹಾರ ನಡೆಸಿ, ಮುಖ್ಯ ಸಂಗತಿಯನ್ನು ಮುಚ್ಚಿಟ್ಟಿದ್ದರೆ ಅಥವಾ ವ್ಯವಹಾರವು ಅವರಿಗೆ ಹಾನಿ ತಂದಿದ್ದರೆ, 215ನೇ ಕಲಂ ಪ್ರಕಾರ ಅದನ್ನು ನಿರಾಕರಿಸಬಹುದು. ಮೋಸದಿಂದ ಬರೆಸಿಕೊಂಡ ಪತ್ರವನ್ನು ರದ್ದುಪಡಿಸಲು ದಾವೆ ಹೂಡುವ ಅವಧಿ, ಆ ಸಂಗತಿ ಗೊತ್ತಾದಂದಿನಿಂದ ಮೂರು ವರ್ಷ. ಗೊತ್ತಾದ ಮೇಲೂ ಹಬ್ಬ ಮುಗಿಯಲಿ, ಮಗಳ ಮದುವೆ ಮುಗಿಯಲಿ ಎಂದು ಸುಮ್ಮನಿದ್ದರೆ ಆ ಅವಧಿ ಕಳೆದುಹೋಗುತ್ತದೆ. ಈ ಮಾತನ್ನು ನಾನು ಒತ್ತಿ ಹೇಳುತ್ತಿರುವುದು, ತಡಮಾಡಿದ್ದರಿಂದಲೇ ಸೋಲುವ ನ್ಯಾಯವಾದ ದಾವೆಗಳು ಇವೆ ಎಂಬ ಸಂಕಟದಿಂದ.

ಎಲ್ಲಿ ಸಹಿ ಮಾಡಬೇಕು ಎಂಬ ವಿಷಯದಲ್ಲಿಯೂ ತಪ್ಪು ತಿಳಿವಳಿಕೆ ಇದೆ. ನೋಟರಿಯ ಮುದ್ರೆ ಬಿದ್ದರೆ ಎಲ್ಲ ಕೆಲಸಕ್ಕೂ ಸಾಕೆಂದು ಜನ ತಿಳಿಯುತ್ತಾರೆ. ನೋಟರಿಯ ಎದುರು ಸಹಿ ಮಾಡಿ ದೃಢೀಕರಿಸಿದ ಮುಖ್ತಾರ್ ಪತ್ರವನ್ನು ನ್ಯಾಯಾಲಯ ಸಾಚಾ ಎಂದು ಭಾವಿಸಬೇಕೆಂಬ ನಿಯಮ ಸಾಕ್ಷ್ಯ ಕಾನೂನಿನಲ್ಲಿ ಇರುವುದು ನಿಜ. ಆದರೆ ಇನ್ನೊಬ್ಬರು ಸಹಿ ಮಾಡಿದ ದಸ್ತಾವೇಜನ್ನು ಅವರ ಪರವಾಗಿ ನೋಂದಣಿಗೆ ಹಾಜರುಪಡಿಸಬೇಕಾದರೆ ನೋಂದಣಿ ಕಾಯ್ದೆಯ 33ನೇ ಕಲಂ ಬೇರೆಯದನ್ನೇ ಕೇಳುತ್ತದೆ: ಭಾರತದಲ್ಲಿ ವಾಸಿಸುವವರು ತಾವು ವಾಸವಿರುವ ಪ್ರದೇಶದ ನೋಂದಣಾಧಿಕಾರಿ ಅಥವಾ ಉಪನೋಂದಣಾಧಿಕಾರಿಯ ಎದುರಿಗೇ ಸಹಿ ಮಾಡಿ ದೃಢೀಕರಣ ಪಡೆದಿರಬೇಕು. ಬೆಂಗಳೂರಿನ ಕಟ್ಟಡದ ಕೆಲಸದಲ್ಲಿರುವ ಯಾದಗಿರಿಯ ಗೌಂಡಿ ಇದಕ್ಕಾಗಿ ಎರಡು ದಿನದ ಕೂಲಿ ಬಿಟ್ಟು ಊರಿಗೆ ಬರಬೇಕಿಲ್ಲ. ಅವನು ನೆಲೆಸಿರುವ ಕಡೆಯ ಕಚೇರಿಯಲ್ಲಿಯೇ ಮಾಡಿಸಿ ಕಾಗದವನ್ನು ಊರಿಗೆ ಕಳಿಸಬಹುದು. ವಿದೇಶದಲ್ಲಿ ಇರುವವರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಅಧಿಕಾರಿಯ ಅಥವಾ ನೋಟರಿಯ ಎದುರು ಮಾಡಿಸಬಹುದು. ಅಲ್ಲಿಂದ ಬಂದ ಕಾಗದ ಕರ್ನಾಟಕವನ್ನು ಮುಟ್ಟಿದ ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಬೇಕೆಂಬುದನ್ನು ಮಾತ್ರ ಮರೆಯಬಾರದು.

ಕೋರ್ಟಿನ ಕೆಲಸಕ್ಕೆ ಕೊಡುವ ಮುಖ್ತಾರ್ ಪತ್ರಕ್ಕೆ ಇನ್ನೊಂದು ಮಿತಿ ಇದೆ. ಮುಖ್ತಾರನು ದಾವೆ ಹೂಡಬಹುದು, ವಕೀಲರನ್ನು ನೇಮಿಸಬಹುದು. ಆದರೆ ಮಾಲೀಕರಿಗೆ ಮಾತ್ರ ಸ್ವತಃ ಗೊತ್ತಿರುವ ಸಂಗತಿಯ ಬಗ್ಗೆ ಅವರ ಬದಲಿಗೆ ಸಾಕ್ಷಿ ನುಡಿಯಲಾರನು. ಉಯಿಲನ್ನು ಇನ್ನೊಬ್ಬರ ಪರವಾಗಿ ಬರೆಯಲು ಯಾವ ಮುಖ್ತಾರನಿಗೂ ಬರುವುದಿಲ್ಲ.

ಕೊಟ್ಟ ಅಧಿಕಾರವನ್ನು ಹಿಂದಕ್ಕೆ ಪಡೆಯುವ ಕೆಲಸದಲ್ಲಿಯೂ ಜನ ಅರ್ಧಕ್ಕೇ ನಿಲ್ಲುತ್ತಾರೆ. ರದ್ದತಿ ಪತ್ರ ಬರೆದು ಪೆಟ್ಟಿಗೆಯಲ್ಲಿ ಇಟ್ಟುಕೊಂಡರೆ ಅದು ರದ್ದಾದಂತಲ್ಲ. ಮುಖ್ತಾರನಿಗೆ ಗೊತ್ತಾದಾಗ ಅವನ ಮಟ್ಟಿಗೆ, ಅವನೊಡನೆ ವ್ಯವಹರಿಸುವವರಿಗೆ ಗೊತ್ತಾದಾಗ ಅವರ ಮಟ್ಟಿಗೆ ರದ್ದತಿ ಜಾರಿಗೆ ಬರುತ್ತದೆ ಎಂದು ಕರಾರು ಕಾಯ್ದೆಯ 208ನೇ ಕಲಂ ಹೇಳುತ್ತದೆ. ಆದ್ದರಿಂದ ನೋಂದಣಿಯಾದ ಜಿಪಿಎಯನ್ನು ನೋಂದಣಿಯಾದ ಪತ್ರದಿಂದಲೇ ರದ್ದುಪಡಿಸಿ, ಮುಖ್ತಾರನಿಗೆ ತಲುಪಿದ ದಾಖಲೆ ಸಿಗುವಂತೆ ಅಂಚೆಯಲ್ಲಿ ನೋಟಿಸು ಕಳಿಸಿ, ಬ್ಯಾಂಕಿಗೆ, ಉಪನೋಂದಣಾಧಿಕಾರಿಗೆ ತಿಳಿಸಿ, ಊರಿನವರು ಓದುವ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಮೂಲ ಪ್ರತಿಯನ್ನು ಹಿಂದಕ್ಕೆ ಪಡೆಯುವ ಪ್ರಯತ್ನವನ್ನೂ ಮಾಡಬೇಕು. ಕೊಳ್ಳುವವರ ಕಡೆಯಿಂದ ನೋಡಿದರೂ ತೊಡಕಿದೆ: ಇಸಿ ಎಂದು ಕರೆಯುವ ಋಣಭಾರ ಪ್ರಮಾಣ ಪತ್ರ ಆಸ್ತಿಯ ವಹಿವಾಟುಗಳ ಪುಸ್ತಕದಿಂದ ಬರುವಂಥದು, ಜಿಪಿಎ ಸಾಮಾನ್ಯವಾಗಿ ಬೇರೆ ಪುಸ್ತಕದಲ್ಲಿ ದಾಖಲಾಗುತ್ತದೆ. ಇಸಿ ಖಾಲಿ ಇದೆ ಎಂಬ ಒಂದೇ ಕಾರಣಕ್ಕೆ ಆ ಜಮೀನಿನ ಮೇಲೆ ಯಾರಿಗೂ ಅಧಿಕಾರ ಕೊಟ್ಟಿಲ್ಲವೆಂದು ತಿಳಿಯುವಂತಿಲ್ಲ. ಮಾರಲು ಬಂದವನು ಮುಖ್ತಾರನಾಗಿದ್ದರೆ, ಅಧಿಕಾರ ಕೊಟ್ಟವರು ಬದುಕಿದ್ದಾರೆಯೇ ಎಂದು ಅವರ ಮನೆಗೇ ಹೋಗಿ ನೋಡುವುದು ಯಾವ ದಾಖಲೆಗಿಂತಲೂ ಗಟ್ಟಿಯಾದ ಪರಿಶೀಲನೆ.

ವಕೀಲರ ಶುಲ್ಕಕ್ಕೆ ಹೆದರಿ ಹಿಂದೆಗೆಯುವವರು ಬಹಳ ಮಂದಿ ಇರುವುದರಿಂದ ಒಂದು ಮಾತು ಹೇಳಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಮತ್ತು ತಾಲ್ಲೂಕು ಸಮಿತಿಗಳಲ್ಲಿ ವಿಚಾರಿಸಬಹುದು. ಸಹಾಯವಾಣಿಯ ಸಂಖ್ಯೆ 15100. ಕೋರ್ಟಿನಲ್ಲಿ ದಾವೆ ಇದ್ದವರು ಮಾತ್ರ ಅಲ್ಲಿಗೆ ಹೋಗಬೇಕೆಂದಿಲ್ಲ, ಸಹಿ ಹಾಕುವ ಮೊದಲು ಕಾಗದ ತೋರಿಸಿ ಸಲಹೆಯನ್ನೂ ಕೇಳಬಹುದು. ಯಾರ ಹತ್ತಿರ ಹೋದರೂ ಪ್ರತಿ ಸಾಲನ್ನು ತಮಗೆ ತಿಳಿಯುವ ಭಾಷೆಯಲ್ಲಿ, ಅದು ಕನ್ನಡವೋ ಉರ್ದುವೋ ಮರಾಠಿಯೋ ತೆಲುಗೋ, ಓದಿಸಿ ಕೇಳುವ ಹಕ್ಕನ್ನು ಬಿಡಬಾರದು. ಓದು ಬಾರದವರ ಹೆಬ್ಬೆಟ್ಟಿನ ಮುಂದೆ, ಇದನ್ನು ಓದಿ ಹೇಳಲಾಗಿದೆ ಎಂಬ ಒಕ್ಕಣೆಯನ್ನೂ ಓದಿ ಹೇಳಿದವರ ಸಹಿಯನ್ನೂ ಹಾಕಿಸುವುದು ಒಳ್ಳೆಯದು.

ಕೇಂದ್ರದ ಭೂ ಸಂಪನ್ಮೂಲ ಇಲಾಖೆ 2025ರ ಮೇ ತಿಂಗಳಲ್ಲಿ ಸಾರ್ವಜನಿಕರ ಮುಂದಿಟ್ಟ ನೋಂದಣಿ ಮಸೂದೆಯ ಕರಡು, ಕಡ್ಡಾಯವಾಗಿ ನೋಂದಣಿಯಾಗಬೇಕಾದ ಪತ್ರಗಳ ಪಟ್ಟಿಯಲ್ಲಿ ಮುಖ್ತಾರ್ ಪತ್ರವನ್ನೂ ಸೇರಿಸಿತ್ತು. ಹಾಗಾದರೆ ಹಿಂದಿನ ದಿನಾಂಕ ಹಾಕಿ ಕಾಗದ ಸೃಷ್ಟಿಸುವುದು, ಸತ್ತವರ ಹೆಸರಿನಲ್ಲಿ ಸಹಿ ಹಾಕುವುದು ಕಷ್ಟವಾಗುತ್ತದೆ, ಅಷ್ಟರಮಟ್ಟಿಗೆ ಸ್ವಾಗತಾರ್ಹ. ಆದರೆ ತಮ್ಮನ ಜೊತೆ ಕಚೇರಿಗೆ ಬಂದು, ಕ್ಯಾಮೆರಾದ ಮುಂದೆ ಕುಳಿತು, ಅರ್ಥವಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಅಕ್ಕನಿಗೆ ನೋಂದಣಿಯಿಂದ ರಕ್ಷಣೆ ಸಿಗುವುದಿಲ್ಲ. ಅವಳ ಪಾಲಿಗೆ ಆ ಕಾಗದವನ್ನು ಪ್ರಶ್ನಿಸುವುದು ಇನ್ನೂ ಕಠಿಣವಾಗಬಹುದು.

ಕೊನೆಗೆ, ವಯಸ್ಸಾದವರ ಮನೆಗಳಲ್ಲಿ ಈ ಕಾಗದದ ಮೇಲೆ ಇಟ್ಟಿರುವ ಒಂದು ಭರವಸೆಯ ಬಗ್ಗೆ ಎಚ್ಚರಿಸಬೇಕಾಗಿದೆ. ಮುಂದೆ ಮರೆವಿನ ಕಾಯಿಲೆ ಬಂದರೆ, ಪಾರ್ಶ್ವವಾಯು ಹೊಡೆದು ಪ್ರಜ್ಞೆ ತಪ್ಪಿದರೆ ಮಗ ನೋಡಿಕೊಳ್ಳಲಿ ಎಂದು ಜಿಪಿಎ ಬರೆದಿಡುವವರಿದ್ದಾರೆ. ಇಂಗ್ಲೆಂಡಿನಲ್ಲಿ 2005ರ ಕಾಯ್ದೆಯೊಂದರ ಅಡಿಯಲ್ಲಿ, ಬರೆದವರ ಬುದ್ಧಿಶಕ್ತಿ ಕುಂದಿದ ಮೇಲೂ ಉಳಿಯುವ ಮುಖ್ತಾರ್ ಪತ್ರವನ್ನು ಸರ್ಕಾರಿ ಕಚೇರಿಯಲ್ಲಿ ನೋಂದಾಯಿಸಿ ಇಡಬಹುದು. ನಮ್ಮಲ್ಲಿ ಹಾಗಿಲ್ಲ. ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದಾಗ, ಅಂದರೆ ಕಾಗದ ನಿಜವಾಗಿ ಬೇಕಾದ ಹೊತ್ತಿಗೇ, ಅದು ಬಿದ್ದುಹೋಗುತ್ತದೆ. ಆಮೇಲೆ ಉಳಿಯುವ ದಾರಿ ಪಾಲಕರ ನೇಮಕಾತಿಯದು. ಪ್ರಜ್ಞಾಹೀನ ಸ್ಥಿತಿಯಲ್ಲಿ ಇರುವವರಿಗೆ ಪಾಲಕರನ್ನು ನೇಮಿಸುವ ಬಗ್ಗೆ ಕೇರಳ ಹೈಕೋರ್ಟ್ 2019ರಲ್ಲಿ ಮಾರ್ಗಸೂಚಿಯನ್ನೇ ಹಾಕಿಕೊಟ್ಟಿದೆ. ಕಲಬುರಗಿಯಲ್ಲಿ 2013ರಿಂದ ಹೈಕೋರ್ಟಿನ ಕಾಯಂ ಪೀಠ ಇರುವುದರಿಂದ ಈ ಮೂರು ಜಿಲ್ಲೆಯವರು ಅಂಥ ಅರ್ಜಿಗೆ ಬೆಂಗಳೂರಿಗೆ ಅಲೆಯಬೇಕಾಗಿಲ್ಲ, ಆದರೆ ಅದಕ್ಕೆ ವಕೀಲರೂ ಸಮಯವೂ ಬೇಕೇ ಬೇಕು.

ಆ ಸ್ಥಿತಿ ಬರುವ ಮೊದಲು ಮಾಡಬಹುದಾದ ಕೆಲಸಗಳು ಸಾಕಷ್ಟಿವೆ, ಅವುಗಳಲ್ಲಿ ಹೆಚ್ಚಿನವಕ್ಕೆ ಜಿಪಿಎ ಬೇಕಿಲ್ಲ. ಗಂಡ ಹೆಂಡತಿ ಇಬ್ಬರಲ್ಲಿ ಯಾರು ಬೇಕಾದರೂ ನಡೆಸಬಹುದಾದ ಜಂಟಿ ಖಾತೆ, ಠೇವಣಿಗೆ ನಾಮನಿರ್ದೇಶನ, ಪಿಂಚ‌ಣಿದಾರರಿಗೆ ಮನೆಯಲ್ಲಿಯೇ ಕುಳಿತು ಕೊಡಬಹುದಾದ ಡಿಜಿಟಲ್ ಜೀವಿತ ಪ್ರಮಾಣ ಪತ್ರ, ಆಸ್ತಿಯ ಬಗ್ಗೆ ಒಂದು ಉಯಿಲು ಇಷ್ಟಾದರೆ ಮನೆಯವರ ಎಷ್ಟೋ ಓಡಾಟ ತಪ್ಪುತ್ತದೆ. ಅದರ ಮೇಲೂ ಅಧಿಕಾರ ಪತ್ರ ಬೇಕೆನಿಸಿದರೆ, ಹಾಸಿಗೆ ಹಿಡಿದ ತಂದೆಯನ್ನು ಆಟೊದಲ್ಲಿ ಹಾಕಿಕೊಂಡು ಕಚೇರಿಯ ಮೆಟ್ಟಿಲು ಹತ್ತಿಸಬೇಕಾಗಿಲ್ಲ. ಕಚೇರಿಗೆ ಬರಲಾಗದಷ್ಟು ಅಶಕ್ತರಾದವರ ಮನೆಗೆ ಅಧಿಕಾರಿಯೇ ಬಂದು ವಿಚಾರಿಸಿ ದೃಢೀಕರಿಸಲು ನೋಂದಣಿ ಕಾಯ್ದೆಯಲ್ಲಿಯೇ ಅವಕಾಶವಿದೆ. ಅದಕ್ಕೆ ಅರ್ಜಿ ಕೊಡುವಾಗ ತಂದೆಯ ಶರೀರ ಅಶಕ್ತವಾಗಿದ್ದರೂ ಬುದ್ಧಿ ಸ್ವಸ್ಥವಾಗಿದೆ ಎಂಬ ವೈದ್ಯರ ಪ್ರಮಾಣ ಪತ್ರವನ್ನು ಜೊತೆಗಿಡಬೇಕು, ಅದರ ದಿನಾಂಕ ಸಹಿಯ ದಿನಕ್ಕೆ ಆದಷ್ಟು ಹತ್ತಿರವಿರಬೇಕು.